ಸಾಣೆಕಲ್ಲು ಮತ್ತು ಚರ್ಮದ ಪಟ್ಟಿಯ ಸೆಟ್: ದೀರ್ಘ ಬಳಕೆಯ ನಂತರ

1000 ಮತ್ತು 6000 ಗ್ರಿಟ್‌ನ ಎರಡು ಮುಖದ ಸಾಣೆಕಲ್ಲು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲಿನ ಕಣ ಸಣ್ಣ), ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ, ಅದಕ್ಕೆ ಬಳಿಯುವ ಹಸಿರು ಪೇಸ್ಟ್ ಇಷ್ಟೂ ಇರುವ ಈ ಸೆಟ್ಟನ್ನು ಮುಂಬೈನ ಮಾಟುಂಗಾದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಮೊದಲು ಚಾಕು ಮಸೆದುಕೊಡಲು ಗಲ್ಲಿಗೆ ಬರುವ ಧಾರ್‌ವಾಲಾನ ಸೈಕಲ್ ಚಕ್ರಕ್ಕೆ ಚಾಕು ಕೊಡುತ್ತಿದ್ದೆವು. ಹರಿತವೇನೋ ಬರುತ್ತಿತ್ತು, ಅಲಗು ಮಾತ್ರ ಬೇಗ ಸವೆಯುತ್ತಿತ್ತು.

ಬೆರಳಿನ ಅಂದಾಜು ಸಾಲದೆನಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಭಾರದ ಲೋಟವಿಟ್ಟು, ಅದರ ಬಾಯಿಗೆ ಅಡ್ಡಲಾಗಿ ಹೊಲಿಗೆಯ ದಾರ ಬಿಗಿದು, ಅಲಗನ್ನು ಎಳೆಯದೆ ನೇರವಾಗಿ ಒತ್ತಿ, ದಾರ ತುಂಡಾಗುವ ಹೊತ್ತಿಗೆ ಎಷ್ಟು ಗ್ರಾಂ ತೋರಿಸುತ್ತದೆಂದು ನೋಡತೊಡಗಿದೆ; ಅಳತೆ ಕಡಿಮೆಯಾದಷ್ಟೂ ಅಲಗು ಹರಿತ. ಮೊಂಡು ಚಾಕುವನ್ನು ಬರೀ ಚರ್ಮದ ಪಟ್ಟಿಗೆ ಉಜ್ಜಿದಾಗ ಅಳತೆ ಅಷ್ಟಾಗಿ ಇಳಿಯಲಿಲ್ಲ. 1000ರ ಮುಖದಲ್ಲಿ ಮಸೆದಾಗ ಚೆನ್ನಾಗಿಯೇ ಇಳಿಯಿತಾದರೂ ಹಿಡಿಯ ಬಳಿ ಒಂದು, ತುದಿಯಲ್ಲಿ ಇನ್ನೊಂದು ಎಂಬಂತಿತ್ತು. ಇದಕ್ಕೆ ಕಾರಣ ಬರ್, ಅಂದರೆ ಮಸೆಯುವಾಗ ಅಂಚಿನ ಲೋಹ ಎದುರು ಬದಿಗೆ ಮಡಿಚಿ ನಿಲ್ಲುವ ತೆಳು ಎಳೆ. ಅಲಗಿನ ಬೆನ್ನಿನಿಂದ ಅಂಚಿನತ್ತ ಹೆಬ್ಬೆರಳು ಸವರಿದರೆ ಅದು ಬೆರಳಿಗೆ ತೊಡರುತ್ತದೆ. ಪಟ್ಟಿಯ ನಿಜವಾದ ಕೆಲಸ ಇದನ್ನು ತೆಗೆಯುವುದು. ಬೆನ್ನು ಮುಂದಾಗಿ, ಅಂಚು ಹಿಂದಾಗಿ ಹಗುರವಾಗಿ ಎಳೆಯಬೇಕು; ಬಲ ಹಾಕಿದರೆ ಚರ್ಮ ತಗ್ಗಿ ಅಂಚಿನ ಸುತ್ತ ಉಬ್ಬುವುದರಿಂದ ಬಂದ ಹರಿತವೂ ಉರುಟಾಗುತ್ತದೆ.

6000ರ ಮುಖದ ಮೇಲೆ ಮಸೆದು, ಸುಮಾರು ಅರ್ಧ ಮೈಕ್ರಾನ್ ಕಣಗಳ ಕ್ರೋಮಿಯಂ ಆಕ್ಸೈಡ್ ಇರುವ ಆ ಹಸಿರು ಪೇಸ್ಟ್ ಬಳಿದ ಪಟ್ಟಿಗೆ ಎಳೆದರೆ ತಕ್ಕಡಿಯ ಅಳತೆ ಎಲ್ಲಕ್ಕಿಂತ ಕಡಿಮೆ. ಆದರೆ ತಕ್ಕಡಿ ಹೇಳುವುದೇ ಬೇರೆ, ಟೊಮೆಟೊ ಹೇಳುವುದೇ ಬೇರೆ. ಹಣ್ಣಿನ ಸಿಪ್ಪೆಯ ಮೇಲೆ ಆ ನುಣುಪು ಅಂಚು ಜಾರುತ್ತಿತ್ತು. 1000ರಲ್ಲೇ ನಿಲ್ಲಿಸಿ ಪಟ್ಟಿಗೆ ನಾಲ್ಕಾರು ಸಲ ಎಳೆದ ಚಾಕು ತಟ್ಟನೆ ಕಚ್ಚಿಕೊಳ್ಳುತ್ತಿತ್ತು. ದಾರದ ಪರೀಕ್ಷೆ ಒತ್ತಿ ಕತ್ತರಿಸುವುದನ್ನಷ್ಟೇ ಅಳೆಯುತ್ತದೆ, ಅಡುಗೆಯಲ್ಲಿ ನಾವು ಎಳೆದು ಕೊಯ್ಯುತ್ತೇವೆ. ಚಾಕುಗಳ ಐಎಸ್ಒ 8442-5 ಮಾನದಂಡದಲ್ಲಿಯೂ ಅಲಗನ್ನು ಹಿಂದೆ ಮುಂದೆ ಆಡಿಸಿ, ಸಿಲಿಕಾ ಬೆರೆತ ಕಾಗದ ಕೊಯ್ದು, ಮೊದಲ ಹರಿತವನ್ನೂ ಅದರ ಬಾಳಿಕೆಯನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ.

ದೂರುಗಳೂ ಇವೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಒಂದು ತುದಿಯ ಅಂಟೂ ಬಿಟ್ಟಿತು. ಕಲ್ಲು ನಡುವೆ ಸವೆದು ತಗ್ಗಾಗುತ್ತದೆ, ಅದನ್ನು ಸಮ ಮಾಡುವ ಫಲಕ ಸೆಟ್ಟಿನಲ್ಲಿಲ್ಲ. ಗಾಜಿನ ಮೇಲೆ ಒರಟು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ, ನೀರು ಚಿಮುಕಿಸಿ ಉಜ್ಜಿಕೊಳ್ಳುತ್ತಿದ್ದೇನೆ. ಮನೆಯ ಅಡುಗೆಗಷ್ಟೇ ಬೇಕೆನ್ನುವವರು ಬರೀ 1000ರ ಕಲ್ಲನ್ನೂ ಪಟ್ಟಿಯನ್ನೂ ಬಿಡಿಯಾಗಿ ಕೊಳ್ಳುವುದು ಲೇಸು.