ಚಿಕ್ಕಬಳ್ಳಾಪುರದ ಸೈಟ್ ಬ್ರೋಷರ್: ಐದಕ್ಕೆ ಎರಡು ಅಂಕ, ಜೊತೆಗೊಂದು ಅಣಕು

ಬಿ.ಬಿ. ರಸ್ತೆಯಲ್ಲಿ ಕೈಗೆ ತುರುಕುವ ಲೇಔಟ್ ಬ್ರೋಷರ್, ಅದರ ಬೆನ್ನಿಗೇ ಬರುವ ಉಚಿತ ಸೈಟ್ ವಿಸಿಟ್. ಈ ಎರಡನ್ನೂ ಸೇರಿಸಿ ತೂಗಿದರೆ ಐದಕ್ಕೆ ಎರಡು ಅಂಕ ಕೊಡಬಹುದು. ಒಂದು ಮುದ್ರಣಕ್ಕೆ, ಇನ್ನೊಂದು ಊಟಕ್ಕೆ. ಕಂಪನಿ ಯಾವುದೇ ಇರಲಿ, ಅಚ್ಚು ಹೆಚ್ಚುಕಡಿಮೆ ಒಂದೇ.

ಮುಖಪುಟದಲ್ಲಿ ನಂದಿ ಬೆಟ್ಟದ ಸೂರ್ಯೋದಯ, ಕೆಳಗೆ ‘ಹಿಲ್ ವ್ಯೂ’ ಎಂಬ ಹೆಸರು. ಚಿತ್ರದಲ್ಲಿ ಮೋಡ ಕಾಲಡಿಗಿದೆ, ಅಂದರೆ ಫೋಟೋ ತೆಗೆದದ್ದು 1,478 ಮೀಟರ್ ಎತ್ತರದ ಬೆಟ್ಟದ ತುದಿಯಿಂದ. ಸೈಟಿನಲ್ಲಿ ನಿಂತವರಿಗೆ ಕಾಣುವುದು ಕಲ್ಲು ನೆಟ್ಟ ಹೊಲ, ಅದರಾಚೆ ದ್ರಾಕ್ಷಿ ಚಪ್ಪರ. ಚಪ್ಪರವೇ ನೋಡಲು ಚೆಂದ, ಆದರೆ ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಒಳಗಿನ ನಕ್ಷೆಯಲ್ಲಿ ‘ಏರ್‌ಪೋರ್ಟ್‌ಗೆ 20 ನಿಮಿಷ’ ಎಂದಿರುತ್ತದೆ. ಕಿಲೋಮೀಟರ್ ಬರೆದರೆ ಯಾರು ಬೇಕಾದರೂ ಅಳೆದು ನೋಡಬಹುದು. ನಿಮಿಷದ ಮೇಲೆ ಜಗಳ ತೆಗೆಯಲಾಗದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೆ 20 ನಿಮಿಷಕ್ಕೆ ಸುಮಾರು 27 ಕಿ.ಮೀ. ಆಗುತ್ತದೆ. ಹಳ್ಳಿ ರಸ್ತೆ ದಾಟಿ ಹೆದ್ದಾರಿ 44ಕ್ಕೆ ಬರುವ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ.

ಬೆಲೆಯ ಆಟ ಹಳೆಯದು. ಚದರಡಿಗೆ 2,200 ಎಂದು ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ 1,499 ಎಂದು ಹಾಕಿದರು ಅನ್ನಿ. 2,200ಕ್ಕೆ ಯಾರಾದರೂ ಕೊಂಡಿರಲೇಬೇಕೆಂದಿಲ್ಲ. 1,499 ಅಗ್ಗವಾಗಿ ಕಾಣಲಿ ಎಂದೇ ಅದು ಅಲ್ಲಿದೆ. 30×40 ಸೈಟಿಗೆ 17,98,800 ಆಗುತ್ತದೆ, ದಪ್ಪಕ್ಷರದಲ್ಲಿ ‘17 ಲಕ್ಷದಿಂದ’ ಎಂದಿರುತ್ತದೆ. ಮೂಲೆ ಸೈಟು, ಪೂರ್ವ ದಿಕ್ಕು, ಅಭಿವೃದ್ಧಿ ಶುಲ್ಕ, ಮುದ್ರಾಂಕ, ನೋಂದಣಿ ಎಲ್ಲವೂ ನಕ್ಷತ್ರದ ಗುರುತಿನ ಹಿಂದೆ. ಆ ಅಡಿಟಿಪ್ಪಣಿ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ 2022ರ ಕೇಂದ್ರ ಮಾರ್ಗಸೂಚಿ.

ಮೊದಲು ಹುಡುಕಬೇಕಾದದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿಯ ನೋಂದಣಿ ಸಂಖ್ಯೆ. 500 ಚದರ ಮೀಟರ್‌ಗಿಂತ ದೊಡ್ಡ, ಎಂಟಕ್ಕಿಂತ ಹೆಚ್ಚು ಸೈಟುಗಳ ಲೇಔಟನ್ನು ನೋಂದಣಿಯಿಲ್ಲದೆ ಜಾಹೀರಾತು ಮಾಡುವಂತೆಯೇ ಇಲ್ಲ. ‘ಪಿಆರ್‌ಎಂ’ ಎಂದು ಶುರುವಾದರೆ ನೋಂದಣಿ ಆಗಿದೆ. ‘ಎಸಿಕೆ’ ಎಂದಿದ್ದರೆ ಅರ್ಜಿಗೆ ಸಿಕ್ಕ ಸ್ವೀಕೃತಿ ಮಾತ್ರ. ‘ಇ-ಸ್ವತ್ತು ಇದೆ’ (ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಎಂದರೂ ಸುಮ್ಮನಾಗಬೇಡಿ, ಅನುಮೋದಿತ ಸೈಟಿಗೆ ಕೊಡುವ ನಮೂನೆ 11ಎ ಇದೆಯೋ, ಅನುಮೋದನೆಯಿಲ್ಲದ್ದಕ್ಕೆ ಕೊಡುವ ಬರೀ 11ಬಿಯೋ ಎಂದು ಕೇಳಿ. ಈ ಪ್ರಶ್ನೆಗೆ ‘ಸಾರ್ ಬಂದ್ಮೇಲೆ ಹೇಳ್ತಾರೆ’ ಎಂಬ ಉತ್ತರ ಬಂದರೆ ಉತ್ತರ ಸಿಕ್ಕಂತೆಯೇ.

ಸೈಟ್ ವಿಸಿಟ್‌ಗೆ ಎಸಿ ಬಸ್ಸು, ಬಾಳೆಲೆ ಊಟ. ಊಟ ನಿಜಕ್ಕೂ ಚೆನ್ನಾಗಿರುತ್ತದೆ, ಉಂಡವರಿಗೆ ‘ಬೇಡ’ ಅನ್ನಲು ನಾಲಿಗೆ ಏಳುವುದಿಲ್ಲ. ಬುಕಿಂಗ್ ಆದಾಗಲೆಲ್ಲ ಮೈಕಿನಲ್ಲಿ ಹೆಸರು ಕೂಗಿ ಚಪ್ಪಾಳೆ ತಟ್ಟಿಸುವುದು, ‘ಈ ರೇಟು ಸಂಜೆ ಐದರವರೆಗೆ’ ಎನ್ನುವುದು, ಎರಡೂ ಮನೆಯವರ ಜೊತೆ ಕೂತು ಯೋಚಿಸಲು ಬಿಡದಿರುವ ಉಪಾಯ. ನೋಂದಾಯಿತ ಕರಾರು ಪತ್ರವಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ರೇರಾ ಕಾಯ್ದೆಯ 13ನೇ ಕಲಂ ಬಿಡುವುದಿಲ್ಲ. ಬ್ರೋಷರನ್ನೂ ಬಿಸಾಡಬೇಡಿ: ಅದರಲ್ಲಿನ ಸುಳ್ಳು ನಂಬಿ ಹಣ ಕಟ್ಟಿ ನಷ್ಟವಾದರೆ ಪರಿಹಾರ ಅಥವಾ ಬಡ್ಡಿ ಸಮೇತ ವಾಪಸ್ ಕೇಳಲು 12ನೇ ಕಲಂನಡಿ ಅದೇ ಸಾಕ್ಷಿ.

ಈ ತಂತ್ರಗಳು ಕಣ್ಣಿಗೆ ನಿಲ್ಲಬೇಕಾದರೆ ಒಂದು ಅಣಕು ಬ್ರೋಷರ್ ಮಾಡಿ ನೋಡಬೇಕು. ಹೈಸ್ಕೂಲು ಮಕ್ಕಳೂ ಮಾಡಬಹುದು. ಉದಾಹರಣೆಗೆ:

‘ಕೆರೆಯಂಗಳ ಎನ್‌ಕ್ಲೇವ್! ಮಳೆಗಾಲಕ್ಕೆ ಲೇಕ್ ವ್ಯೂ, ಬೇಸಿಗೆಗೆ ಕ್ರಿಕೆಟ್ ಮೈದಾನ. ಏರ್‌ಪೋರ್ಟ್‌ಗೆ 4 ನಿಮಿಷ*. ಕೊನೆಯ 3 ಸೈಟು ಮಾತ್ರ**. (*ವಿಮಾನದಲ್ಲಿ. **ಹೋದ ಯುಗಾದಿಯಿಂದ.)’

ಒಂದು ಸಾಲಿಗೆ ಒಂದೇ ತಂತ್ರ ಸಾಕು. ‘ಚಂದ್ರನ ಮೇಲೆ ಸೈಟು’ ಎಂಬಂಥ ಭಾರಿ ಸುಳ್ಳು ಬರೆದರೆ ಅಣಕು ಕೆಡುತ್ತದೆ, ಓದುಗ ನಕ್ಕು ಮರೆಯುತ್ತಾನೆ. ಬಣ್ಣ, ಅಕ್ಷರ, ಹೆಸರಿನ ಗತ್ತು ಎಲ್ಲ ಅಸಲಿಯ ಹಾಗೇ ಇರಲಿ, ನಿಜ ಮಾತ್ರ ಅಡಿಟಿಪ್ಪಣಿಯಲ್ಲಿ ಹೊರಬೀಳಲಿ. ಆ ಟಿಪ್ಪಣಿ 7 ಪಾಯಿಂಟ್‌ಗಿಂತ ಚಿಕ್ಕದಾದರೆ ಒತ್ತಕ್ಷರಕ್ಕೆ ಶಾಯಿ ತುಂಬಿ ನಗೆಯೇ ಓದಲು ಬರುವುದಿಲ್ಲ.

ಎ4 ಹಾಳೆಯನ್ನು ಅಡ್ಡಕ್ಕಿಟ್ಟು ಮೂರು ಭಾಗವಾಗಿ ಮಡಚುವಾಗ ಅಳತೆ 97, 100, 100 ಮಿ.ಮೀ. ಇರಲಿ. ಒಳಗೆ ಮಡಚುವುದು 97ರ ಭಾಗ. ಮೂರೂ 99 ಇಟ್ಟರೆ ಅದು ಉಬ್ಬಿ ನಿಲ್ಲುತ್ತದೆ. ಶೀರ್ಷಿಕೆಗೆ ಬಾಲೂ ತಮ್ಮ 2, ಒಳಪಠ್ಯಕ್ಕೆ ನೋಟೋ ಸಾನ್ಸ್ ಕನ್ನಡ, ಎರಡೂ ಉಚಿತ ಫಾಂಟ್‌ಗಳು. ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟ್‌ಗಳದ್ದೇ ಕೆಲಸ, ಯೂನಿಕೋಡ್ ಪಠ್ಯ ಅಂಟಿಸಿದರೆ ಒತ್ತುಗಳು ದಿಕ್ಕಾಪಾಲಾಗುತ್ತವೆ. ಆದ್ದರಿಂದ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ, ಪ್ರೂಫಿನಲ್ಲಿ ‘ರ್ಕ’, ‘ಷ್ಟ್ರ’ ಸರಿಯಿವೆಯೇ ನೋಡಿ. ಫ್ಲೆಕ್ಸ್ ಮಾಡಿಸಬೇಡಿ, ರಾಜ್ಯದಲ್ಲಿ 2016ರಿಂದ ನಿಷೇಧವಿದೆ.

ನಿಜ ಕಂಪನಿಯ ಹೆಸರು, ಲಾಂಛನ, ಯಾರದೋ ಫೋನ್ ನಂಬರ್ ಹಾಕಬೇಡಿ. ಬೆನ್ನುಪುಟದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇರಲಿ. ಮುಖಪುಟದಲ್ಲೇ ‘ಇದು ಅಣಕು ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಕೆರೆಯಂಗಳದಲ್ಲಿ ಮೂಲೆ ಸೈಟು ಉಳಿದಿದೆಯಾ ಎಂದು ಕೇಳಿಕೊಂಡು ಜನ ಬಂದಾರು.