ಆ್ಯಪ್ ಕೊಡುವ ‘ಎ1’ ನಂಬಿ ಜರ್ಮನ್ ಪರೀಕ್ಷೆಗೆ ಕೂರಬೇಡಿ

ಮದುವೆಯಾಗಿ ಗಂಡನ ಹತ್ತಿರ ಜರ್ಮನಿಗೆ ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಹತ್ತಿರ ಹೊರಟಿರುವ ಗಂಡಂದಿರೂ ಓದಿ, ನಿಯಮ ಇಬ್ಬರಿಗೂ ಒಂದೇ. ಫ್ಯಾಮಿಲಿ ವೀಸಾಕ್ಕೆ ಸಾಮಾನ್ಯವಾಗಿ ಎ1 ಮಟ್ಟದ, ಅಂದರೆ ಭಾಷೆಯ ಮೊದಲ ಮೆಟ್ಟಿಲಿನ, ಜರ್ಮನ್ ಸರ್ಟಿಫಿಕೇಟ್ ಕೇಳುತ್ತಾರೆ. ಅದು ಗೋಥೆ, ಟೆಲ್ಕ್ ಥರದ ಸಂಸ್ಥೆಗಳು ನಡೆಸುವ, ಮಾನ್ಯತೆ ಇರುವ ಪರೀಕ್ಷೆಯದ್ದೇ ಆಗಿರಬೇಕು. ಆ್ಯಪ್‌ನವರು ಹೂವಿನ ಬಾರ್ಡರ್ ಹಾಕಿ ಕಳಿಸುವ ಪಿಡಿಎಫ್‌ಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ನಾನಿರುವುದು ದಾವಣಗೆರೆಯಲ್ಲಿ. ಕ್ಲಾಸಿಗೋಸ್ಕರ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಇರೋದ್ಯಾಕೆ, ಮೊಬೈಲ್‌ನಲ್ಲೇ ಕಲಿತರಾಯಿತು ಅಂತ ಮನೆಯಲ್ಲಿ ಮಾತಾಯಿತು. ಜಾಹೀರಾತೂ ಅದನ್ನೇ ಹೇಳುತ್ತಿತ್ತು: ಮನೆಯಲ್ಲೇ ಕೂತು ಎ1, ಗ್ಯಾರಂಟಿ. ಚಿತ್ರಕ್ಕೆ ಪದ ಹೊಂದಿಸು, ಚೆಲ್ಲಾಪಿಲ್ಲಿಯಾದ ಪದಗಳನ್ನು ಒತ್ತಿ ವಾಕ್ಯ ಮಾಡು, ಟಿಂಗ್ ಅಂತ ಸದ್ದು, ಪಾಯಿಂಟು. ಕೊನೆಗೆ ‘ಅಭಿನಂದನೆ, ನೀವು ಎ1 ಮುಗಿಸಿದ್ದೀರಿ’ ಅಂತಲೂ ಬಂತು. ಆಮೇಲೆ ಗೋಥೆ ಪರೀಕ್ಷೆಗೆ ಕಟ್ಟಿದೆ. ಪಾಸಾಗಲು 100ಕ್ಕೆ 60 ಬೇಕು. ನನಗೆ ಬಂದದ್ದು 51.

ಎಲ್ಲಿ ಹೋಯಿತು ಅಂತ ಹೇಳುತ್ತೇನೆ, ಯಾಕಂದರೆ ಯಾವ ಆ್ಯಪ್‌ನವರೂ ಇದನ್ನು ಹೇಳೋದಿಲ್ಲ. ಕೇಳುವ ಭಾಗ ಸುಮಾರು 20 ನಿಮಿಷ. ಅದರಲ್ಲಿ ಸ್ಟೇಷನ್, ಅಂಗಡಿಗಳ ಅನೌನ್ಸ್‌ಮೆಂಟ್ ಬರುವ ಎರಡನೇ ಭಾಗವನ್ನು ಒಂದೇ ಸಲ ಕೇಳಿಸುತ್ತಾರೆ. ಆ್ಯಪ್‌ನಲ್ಲಿ ‘ನಿಧಾನ’ ಅನ್ನುವ ಬಟನ್ ಇತ್ತು, ಬೇಕಾದಷ್ಟು ಸಲ ಒತ್ತಬಹುದಿತ್ತು. ಬರೆಯುವ ಭಾಗದಲ್ಲಿ ಒಂದು ಫಾರ್ಮ್ ತುಂಬಿ, ಸುಮಾರು 30 ಪದಗಳ ಸಣ್ಣ ಪತ್ರ ಬರೆಯಬೇಕು. ಕೈಯಲ್ಲಿ, ಪೆನ್ನು ಹಿಡಿದು. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗುತ್ತವೆ. ಆ್ಯಪ್‌ನ ಚೌಕಗಳಲ್ಲಿ ಅದು ಮೊದಲೇ ದೊಡ್ಡದಾಗಿ ಕೂತಿರುತ್ತೆ, ನಾವು ಒತ್ತೋದಷ್ಟೇ. ಇಡೀ ಕೋರ್ಸಿನಲ್ಲಿ ಒಂದು ವಾಕ್ಯವನ್ನೂ ನನ್ನಿಂದ ಸ್ವಂತವಾಗಿ ಬರೆಸಿರಲಿಲ್ಲ.

ಮಾತಿನ ಭಾಗದಲ್ಲಿ ಒಂದು ಟೇಬಲ್ ಸುತ್ತ ನಾವು ಕೆಲವರು, ಎದುರಿಗೆ ಪರೀಕ್ಷಕರು. ಹೆಸರು, ವಯಸ್ಸು, ಊರು ಹೇಳಿದೆ, ಚೆನ್ನಾಗೇ ಹೋಯಿತು. ‘ಹೆಸರಿನ ಸ್ಪೆಲ್ಲಿಂಗ್ ಹೇಳಿ’ ಅಂದರು. ನನ್ನ ಹೆಸರಲ್ಲಿ ವಿ, ಜೆ, ವೈ ಮೂರೂ ಇವೆ. ಅವರ ಬಾಯಲ್ಲಿ ಅವು ಫೌ, ಯೋಟ್, ಉಪ್ಸಿಲೋನ್. ನಾನು ಇಂಗ್ಲಿಷಿನಲ್ಲಿ ಶುರು ಮಾಡಿ ಅರ್ಧಕ್ಕೆ ನಿಂತೆ. ಮುಂದಿನದು ಇನ್ನೂ ಕಷ್ಟ. ಒಂದು ಕಾರ್ಡ್ ಎತ್ತಬೇಕು. ಅದರಲ್ಲಿ ‘ಊಟ-ತಿಂಡಿ’ ಅಂತ ವಿಷಯ, ಕೆಳಗೆ ‘ಬ್ರೆಡ್’ ಅಂತ ಒಂದು ಪದ. ಆ ಪದ ಇಟ್ಟುಕೊಂಡು ಪಕ್ಕದವರಿಗೆ ಪ್ರಶ್ನೆ ಕೇಳಬೇಕು, ಅವರು ಕೇಳಿದ್ದಕ್ಕೆ ನಾವು ಉತ್ತರ ಕೊಡಬೇಕು. ಬ್ರೆಡ್ ಅನ್ನೋ ಪದ ನನಗೆ ಗೊತ್ತು, ಆ್ಯಪ್‌ನಲ್ಲಿ ನೂರು ಸಲ ಒತ್ತಿದ್ದೇನೆ! ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ. ಮೊಬೈಲ್ ಯಾವತ್ತಾದರೂ ನಮ್ಮಿಂದ ಪ್ರಶ್ನೆ ಕೇಳಿಸಿಕೊಂಡಿದೆಯಾ?

ಎ1ನಲ್ಲಿ ಫೇಲಾದ ಭಾಗವನ್ನು ಮಾತ್ರ ಮತ್ತೆ ಬರೆಯುವ ಹಾಗಿಲ್ಲ. ಪೂರ್ತಿ ಪರೀಕ್ಷೆ, ಪೂರ್ತಿ ಫೀಸು. ವೀಸಾ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಯಿತು.

ಇನ್ನು ದುಡ್ಡಿನ ಕಥೆ. ‘7 ದಿನ ಉಚಿತ’ ಅಂತ ಶುರುವಿನಲ್ಲೇ ಯುಪಿಐ ಪಿನ್ ಹಾಕಿಸಿಕೊಂಡಿದ್ದರು. ಒಂದು ರೂಪಾಯಿ ಹೋಗಿ ವಾಪಸ್ ಬಂತು, ಸುಮ್ನೆ ಚೆಕ್ ಮಾಡ್ತಿದ್ದಾರೆ ಅನಿಸುವ ಹಾಗೆ. ಅದು ಆಟೋಪೇಗೆ, ಅಂದರೆ ಮುಂದೆ ದುಡ್ಡು ತಾನಾಗೇ ಕಟ್ ಆಗೋದಕ್ಕೆ, ಒಪ್ಪಿಗೆ. ಮೊದಲ ವರ್ಷದ ದುಡ್ಡು ಹಾಗೇ ಹೋಯಿತು, ಹೋಗಲಿ, ಕಲಿತೆನಲ್ಲ ಅಂದುಕೊಂಡೆ. ಪರೀಕ್ಷೆ ಆದಮೇಲೆ ಆ್ಯಪ್ ಡಿಲೀಟ್ ಮಾಡಿದ್ದೆ. ಆದರೂ ಎರಡನೇ ವರ್ಷದ ದುಡ್ಡು ಕಟ್ ಆಯಿತು. ಆ್ಯಪ್ ತೆಗೆದರೆ ಆಟೋಪೇ ನಿಲ್ಲೋದಿಲ್ಲ. ಫೋನ್‌ಪೇ ಅಥವಾ ಗೂಗಲ್ ಪೇ ಒಳಗೆ ಆಟೋಪೇ ಪುಟಕ್ಕೆ ಹೋಗಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿ. ದುಡ್ಡು ಕಟ್ ಆಗುವ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ನನಗೂ ಮೆಸೇಜ್ ಬಂದಿತ್ತು, ಲೋನ್ ಕೊಡ್ತೀವಿ ಅನ್ನುವ ಮೆಸೇಜ್‌ಗಳ ಮಧ್ಯೆ. ರೀಫಂಡ್ ಕೇಳಿದ್ದಕ್ಕೆ ಬಂದದ್ದು ‘ನಿಮ್ಮ ಕಲಿಕೆ ಮುಂದುವರಿಸಿ’ ಅನ್ನುವ ಉತ್ತರ.

ಮೊಬೈಲ್‌ನಲ್ಲೇ ಕಲಿಯಬೇಕು ಅನ್ನುವವರು ಗೋಥೆ ವೆಬ್‌ಸೈಟ್‌ನಲ್ಲಿರುವ ಮಾದರಿ ಪತ್ರಿಕೆಯನ್ನು ಮೊದಲೇ ಬರೆದು ನೋಡಿ, ಆಡಿಯೋ ಸಮೇತ ಉಚಿತ. ಜರ್ಮನಿಯ ಸುದ್ದಿ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಕೋರ್ಸ್‌ಗಳೂ ಉಚಿತ. ಮಾತಿಗೆ ಮಾತ್ರ ಯಾರಾದರೂ ಮನುಷ್ಯರು ಬೇಕು. ನಾನೀಗ ಇದೇ ಪರೀಕ್ಷೆಗೆ ಓದುತ್ತಿರುವ ಹುಬ್ಬಳ್ಳಿಯ ಒಬ್ಬರ ಜೊತೆ ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಕಾರ್ಡ್ ಎತ್ತುತ್ತೇನೆ.

ಇನ್ನೊಂದು ಮಾತು, ಫೀಸು ಕಟ್ಟುವ ಮೊದಲೇ ನೋಡಿಕೊಳ್ಳಿ: ನಿಮ್ಮವರ ಹತ್ತಿರ ಇಯು ಬ್ಲೂ ಕಾರ್ಡ್ (ಓದಿ ಒಳ್ಳೆ ಸಂಬಳದ ಕೆಲಸಕ್ಕೆ ಹೋದವರಿಗೆ ಕೊಡುವ ಪರ್ಮಿಟ್) ಇದ್ದರೆ ವೀಸಾಕ್ಕೆ ನಿಮ್ಮಿಂದ ಎ1 ಕೇಳೋದೇ ಇಲ್ಲ. ನಮ್ಮವರದು ಬೇರೆ ಪರ್ಮಿಟ್.