ಮಾಟುಂಗಾದ ಕಿವಿಯಂತ್ರದ ಕ್ಲಿನಿಕ್: ಮಾರುವ ಮುಂಚೆ ನಿಜ ಹೇಳುತ್ತಾರೆ

ಕಿವಿ ಮಂದವಾಗಿದೆ, ಎಲ್ಲಿ ತೋರಿಸೋಣ ಅಂತ ಮುಂಬೈಯ ನಮ್ಮವರು ಯಾರೇ ಕೇಳಿದರೂ ನಾನು ಹೇಳುವುದು ಒಂದೇ ಜಾಗ. ಮಾಟುಂಗಾ ಈಸ್ಟ್‌ನಲ್ಲಿ, ಹೂವಿನ ಅಂಗಡಿಗಳನ್ನು ದಾಟಿದ ಮೇಲೆ, ಮೊದಲ ಮಹಡಿಯಲ್ಲಿರುವ ಪುಟ್ಟ ಕ್ಲಿನಿಕ್. ನಡೆಸುವ ಮೇಡಂ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದವರು.

ನಾನು ದುಡಿದದ್ದು ಲೋವರ್ ಪರೇಲ್‌ನ ಒಂದು ಪ್ರೆಸ್ಸಿನಲ್ಲಿ, ಆಫ್‌ಸೆಟ್ ಮಷಿನ್ ಪಕ್ಕದಲ್ಲಿ. ಈಗ ಫ್ಯಾನ್ ಸದ್ದು ಕೇಳುತ್ತದೆ, ಲೋಕಲ್ ಟ್ರೇನ್ ಕೇಳುತ್ತದೆ, ಮೊಮ್ಮಗಳು ಏನು ಹೇಳಿದಳು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಬೇರೆ ಕಡೆ ಹೋದಾಗ ಬೀಪ್ ಬೀಪ್ ಕೇಳಿಸಿ, ಹಿಂದಿಯಲ್ಲಿ ನಾಲ್ಕು ಪದ ಹೇಳಿಸಿ, ನೇರ ಮೆಷಿನ್ ರೇಟಿಗೆ ಬಂದುಬಿಟ್ಟಿದ್ದರು.

ಇಲ್ಲಿ ಹಾಗಲ್ಲ. ಬೂತಿನ ಪರೀಕ್ಷೆ ಮುಗಿದ ಮೇಲೆ ಮೇಡಂ ಬಾಯಿಗೆ ಒಂದು ಹಾಳೆ ಅಡ್ಡ ಹಿಡಿದು ಕನ್ನಡದ ಪದಗಳನ್ನು ಹೇಳಿದರು. ತುಟಿ ನೋಡಿ ಊಹಿಸಬಾರದಲ್ವಾ, ಅದಕ್ಕೆ. ಅವರು 'ಸಾಲು' ಅಂದರೆ ನಾನು 'ಹಾಲು' ಅಂದೆ. 'ಕಾಸು' ಅಂದರೆ 'ಕಾಲು'. ಆಮೇಲೆ ಆಡಿಯೋಗ್ರಾಂ, ಅಂದರೆ ಯಾವ ಶ್ರುತಿಯ ಸದ್ದು ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆ, ಮುಂದಿಟ್ಟರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಎರಡೂ ಗೆರೆ 4000 ಹರ್ಟ್ಸ್ ಹತ್ತಿರ ಕೆಳಕ್ಕೆ ಬಿದ್ದಿದ್ದವು, ಅಂದರೆ ಅಲ್ಲಿ ನನಗೆ ಕೇಳುವುದು ಕಡಿಮೆ. ಸ, ಶ ಇಂಥ ಅಕ್ಷರಗಳ ಸದ್ದು ಇರುವುದೇ ಆ ಮೇಲಿನ ಶ್ರುತಿಯಲ್ಲಿ. ಅದಕ್ಕೇ ನನಗೆ ಮಾತು ಕೇಳುತ್ತದೆ, ಅರ್ಥ ಆಗುವುದಿಲ್ಲ.

ನಾನು ಜೇಬಿನಿಂದ ಒಂದು ಕರಪತ್ರ ತೆಗೆದು ಕೊಟ್ಟೆ. ಉಪನಗರದ ಒಂದು ಕಡೆಯವರದ್ದು. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ತೆಗೆದು ಡ್ರಿಪ್‌ನಲ್ಲಿ ಏರಿಸುತ್ತಾರಂತೆ, ಕಿವಿಯಲ್ಲಿ ಸತ್ತ ಕೋಶ ಮತ್ತೆ ಹುಟ್ಟುತ್ತದಂತೆ. ಮೂರೂವರೆ ಲಕ್ಷ. ನನ್ನ ಮಗ ಸಾಲ ಮಾಡುವುದಕ್ಕೂ ತಯಾರಾಗಿದ್ದ.

ಮೇಡಂ ಪೂರ್ತಿ ಓದಿದರು. 'ಬೇಡ' ಅಂದು ಮುಗಿಸಬಹುದಿತ್ತು, ಹೊರಗೆ ಜನ ಕಾಯುತ್ತಿದ್ದರು. ಆದರೆ ಕಿವಿಯ ಮಾದರಿ ಬಿಚ್ಚಿ, ಶಂಖದ ಹಾಗಿರುವ ಭಾಗವನ್ನು ಕೈಗೆ ಕೊಟ್ಟು ವಿವರಿಸಿದರು. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ಅವುಗಳಲ್ಲಿ ಸುಮಾರು 3,500 ಕೇಳಿದ್ದನ್ನು ಮಿದುಳಿಗೆ ಕಳಿಸುತ್ತವೆ. ಉಳಿದವು ಸಣ್ಣ ಸದ್ದನ್ನು ಹೆಚ್ಚಿಸಿ ಕೊಡುತ್ತವೆ. ಕೋಶದ ತುದಿಯ ರೋಮ ಬಾಗಿದರೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಹಕ್ಕಿಗಳಲ್ಲಿ ಈ ಕೋಶ ಸತ್ತರೆ ಹೊಸದು ಹುಟ್ಟುತ್ತದೆ, 1980ರ ದಶಕದಲ್ಲೇ ಕೋಳಿಮರಿಗಳಲ್ಲಿ ಅದನ್ನು ಕಂಡಿದ್ದಾರೆ. ಮನುಷ್ಯರ ಶಂಖದಲ್ಲಿ ಹೋದದ್ದು ಹೋಯಿತು.

ಹಾಗಾದರೆ ಸ್ಟೆಮ್ ಸೆಲ್ ಸುಳ್ಳಾ? ಅಲ್ಲ ಅಂದರು. ಅದು ನನಗೆ ತುಂಬ ಹಿಡಿಸಿತು. 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಹೆಲ್ಲರ್ ತಂಡ ಇಲಿಯ ಸ್ಟೆಮ್ ಸೆಲ್‌ನಿಂದ ರೋಮಕೋಶದಂಥ ಕೋಶ ಬೆಳೆಸಿತು. ತಳ್ಳಿದರೆ ಅದು ವಿದ್ಯುತ್ ಸಂಕೇತ ಕೊಟ್ಟಿತು. 2013ರಲ್ಲಿ ಅಲ್ಲಿಯದೇ ಇಂಡಿಯಾನಾ ವಿಶ್ವವಿದ್ಯಾಲಯದ ಕಾರ್ಲ್ ಕೋಹ್ಲರ್, ಎರಿ ಹಶಿನೊ ಮತ್ತು ಜೊತೆಯವರು ಇಲಿಯ ಕೋಶಗಳನ್ನು ಉಂಡೆಯಾಗಿ ಬೆಳೆಸಿ, ಯಾವ ಹೊತ್ತಿಗೆ ಯಾವ ಸಂಕೇತದ ಪ್ರೋಟೀನ್ ಬೇಕೋ ಅದನ್ನು ಕೊಟ್ಟು, ಒಳಗಿವಿಯ ಪದರವನ್ನೇ ಬರಿಸಿದರು. 2017ರಲ್ಲಿ ಮನುಷ್ಯರ ಸ್ಟೆಮ್ ಸೆಲ್‌ನಲ್ಲೂ ಮಾಡಿದರು. ಆದರೆ ಹಾಗೆ ಬಂದ ಕೋಶಗಳು ಜಾಸ್ತಿ ಹೋಲುವುದು ದೇಹದ ಸಮತೋಲ ನೋಡುವ ಭಾಗದ ರೋಮಕೋಶಗಳನ್ನು, ಕೇಳುವ ಭಾಗದವನ್ನಲ್ಲ. ಸದ್ಯಕ್ಕೆ ಅವು ಲ್ಯಾಬಿನಲ್ಲಿ ರೋಗಗಳನ್ನು ಅರಿಯಲು, ಔಷಧಿ ಪರೀಕ್ಷಿಸಲು ಉಪಯೋಗ.

ಕಿವಿಯೊಳಗೆ ಕೂರಿಸುವುದೇ ದೊಡ್ಡ ಕಷ್ಟ. ಕೋಶ ಸರಿಯಾದ ಸಾಲಿನಲ್ಲಿ, ಸರಿಯಾದ ದಿಕ್ಕಿಗೆ ನಿಲ್ಲಬೇಕು, ನರಕ್ಕೆ ಜೋಡಣೆಯಾಗಬೇಕು. ಅಲ್ಲಿರುವ ದ್ರವದಲ್ಲಿ ಪೊಟ್ಯಾಸಿಯಂ ಎಷ್ಟು ಜಾಸ್ತಿ ಅಂದರೆ ಹೊರಗಿಂದ ಹಾಕಿದ ಕೋಶ ಬದುಕುವುದೇ ಕಷ್ಟ. ಹೀಗಿರುವಾಗ ಕೈಯ ರಕ್ತನಾಳಕ್ಕೆ ಚುಚ್ಚಿದ ಡ್ರಿಪ್‌ನಿಂದ ಹೊಟ್ಟೆಯ ಕೋಶ ಅಲ್ಲಿಗೆ ಹೋಗಿ ರೋಮಕೋಶ ಆಗುತ್ತದಾ? ವೈದ್ಯಕೀಯ ಸಂಶೋಧನೆಯ ರಾಷ್ಟ್ರೀಯ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರವೂ ಇಂಥದ್ದನ್ನು ಅನುಮತಿ ಪಡೆದ ಟ್ರಯಲ್ (ಚಿಕಿತ್ಸೆಯ ಪ್ರಯೋಗ) ಬಿಟ್ಟು ಹೊರಗೆ ಕೊಡುವ ಹಾಗಿಲ್ಲ. ಕಿವಿ ಕೇಳದವರ ಆಸೆಯ ಮೇಲೆ ಲಕ್ಷಗಟ್ಟಲೆ ಕೀಳುವುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಯಂತ್ರ. ಕಿವಿಯ ಹಿಂದೆ ಕೂರುವ ಸಣ್ಣದು, ಎರಡಕ್ಕೂ ಸೇರಿ 64,000 ಆಯಿತು. ದುಬಾರಿಯೇ. ಆದರೆ ದುಡ್ಡು ಕೊಡುವ ಮುಂಚೆ ಒಂದು ವಾರ ಮನೆಯಲ್ಲಿ ಹಾಕಿ ನೋಡಲು ಬಿಟ್ಟರು. ಕಿವಿಯೊಳಗೆ ತೆಳ್ಳನೆ ಕೊಳವೆ ಇಟ್ಟು, ಒಳಗೆ ಎಷ್ಟು ಸದ್ದು ತಲುಪುತ್ತಿದೆ ಅಂತ ಅಳೆದು ಹೊಂದಿಸಿದರು. ನೀವು ಎಲ್ಲೇ ಹೋದರೂ ಈ ಅಳತೆ ಮಾಡುತ್ತೀರಾ ಅಂತ ಕೇಳಿ. ಬ್ಯಾಟರಿ 312 ನಂಬರಿನದು. ಕಂದು ಸ್ಟಿಕರ್ ಕಿತ್ತು, ಗಾಳಿ ಒಳಗೆ ಹೋಗಲು ಒಂದು ನಿಮಿಷ ಬಿಟ್ಟು ಹಾಕಬೇಕು ಅನ್ನುವುದನ್ನೂ ನನ್ನ ಕೈಯಲ್ಲೇ ಮಾಡಿಸಿದರು.

ಮೊನ್ನೆ ಯಕ್ಷಗಾನಕ್ಕೆ ಹೋಗಿದ್ದೆ. ಚೆಂಡೆ ಮೊದಲೂ ಕೇಳುತ್ತಿತ್ತು. ಈ ಸಲ ಭಾಗವತರ ತಾಳವೂ ಕೇಳಿತು, ಅರ್ಥದ ಮಾತುಗಳೂ ಸುಮಾರಾಗಿ ಹಿಡಿದವು. ದಾದರ್ ಸ್ಟೇಷನ್ನಿನ ಗದ್ದಲದಲ್ಲಿ ಮಾತ್ರ ಈಗಲೂ ಕಷ್ಟ. ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ಕೆಲಸ ಮಾಡಬೇಕಾದದ್ದು ಉಳಿದ ಕೋಶಗಳೇ. ಇದನ್ನೂ ಮೇಡಂ ಮೊದಲೇ ಹೇಳಿದ್ದರು.

ಕೊರತೆಗಳೂ ಇವೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಕಷ್ಟ. ರಿಪೇರಿಗೆ ಕೊಟ್ಟರೆ ತಡ. ಇಷ್ಟು ದುಡ್ಡು ಆಗದವರನ್ನು ಅವರೇ ಬಾಂದ್ರಾ ರೆಕ್ಲಮೇಷನ್‌ನ ಅಲಿ ಯಾವರ್ ಜಂಗ್ ಸಂಸ್ಥೆಗೆ (ಕಿವಿ ಕೇಳದವರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆ) ಕಳಿಸುತ್ತಾರೆ. ಕಡಿಮೆ ಆದಾಯದವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಯಂತ್ರ ಸಿಗುತ್ತದೆ.

ಶನಿವಾರ ಹೋಗಬೇಡಿ, ರಶ್ ಜಾಸ್ತಿ. ಫೋನ್ ಮಾಡಿ ಟೈಮ್ ತೆಗೆದುಕೊಳ್ಳಿ. ಹಳೆಯ ಆಡಿಯೋಗ್ರಾಂ ಇದ್ದರೆ ಜೊತೆಗೆ ಒಯ್ಯಿರಿ. ಅಂಥ ಕರಪತ್ರ ಯಾರಾದರೂ ನಿಮ್ಮ ಕೈಗೂ ಕೊಟ್ಟಿದ್ದರೆ ಅದನ್ನೂ ಒಯ್ದು ತೋರಿಸಿ.